ಹಳೇ ಟ್ರ್ಯಾಕ್ಟರ್ ಮಾರುವ ಮುಂಚೆ ಪೇಂಟ್ ಮಾಡಿಸಬೇಕಾ?

25 ವರ್ಷ ದುಡಿದ ಟ್ರ್ಯಾಕ್ಟರ್, ಇಂಜಿನ್ ಇನ್ನೂ ಗಟ್ಟಿ, ಆದರೆ ಬಾನೆಟ್ ಬಣ್ಣ ಬಿಳಿಚಿಕೊಂಡಿದೆ, ಮಡ್‌ಗಾರ್ಡ್ ಅಂಚಿಗೆ ತುಕ್ಕು ಹಿಡಿದಿದೆ. ಪೂರ್ತಿ ಪೇಂಟ್ ಹೊಡೆಸಿದರೆ ಜಾಸ್ತಿ ಬೆಲೆ ಬರುತ್ತದಾ, ಇಲ್ಲಾ ಇದ್ದ ಹಾಗೇ ಮಾರಿಬಿಡಲಾ ಅಂತ ಕೇಳಿದ್ದೀರಿ.

ಪೂರ್ತಿ ಪೇಂಟ್ ಬೇಡ. ಚೆನ್ನಾಗಿ ತೊಳೆಯಿರಿ, ಬಾನೆಟ್‌ಗೆ ಪಾಲಿಶ್ ಕೊಡಿ, ತುಕ್ಕು ಇರುವಲ್ಲಿ ಮಾತ್ರ ಬಣ್ಣ ಹಚ್ಚಿ. ಉಳಿಯುವ ದುಡ್ಡನ್ನು ಯಂತ್ರಕ್ಕೆ ಹಾಕಿ. ನಾನು ಎರಡು ಟ್ರ್ಯಾಕ್ಟರ್ ಮಾರಿದ್ದೇನೆ, ಒಂದಕ್ಕೆ ಪೂರ್ತಿ ಪೇಂಟ್ ಮಾಡಿಸಿ, ಇನ್ನೊಂದನ್ನು ಬರೀ ತೊಳೆದು ಪಾಲಿಶ್ ಮಾಡಿ. ಆ ಎರಡರಿಂದ ಕಲಿತದ್ದನ್ನೇ ಹೇಳುತ್ತೇನೆ.

ಮೊದಲನೆಯದಕ್ಕೆ ಮೂತಿಯಿಂದ ಹಿಂದಿನ ಆಕ್ಸಲ್‌ವರೆಗೆ ಸ್ಪ್ರೇ ಹೊಡೆಸಿದೆ. ಹೊಸ ಸ್ಟಿಕ್ಕರ್, ಮಿರಮಿರ ಮಿಂಚುವ ಬಾನೆಟ್. ನೋಡಲು ಬಂದ ಮೊದಲನೆಯವರು ವಯಸ್ಸಾದ ರೈತರು. ಬಾನೆಟ್ ಕಡೆ ಕಣ್ಣೂ ಹಾಯಿಸಲಿಲ್ಲ. ನೇರ ಹಿಂದಕ್ಕೆ ಹೋಗಿ ಕುಕ್ಕರಗಾಲಿನಲ್ಲಿ ಕೂತರು. ಗೇರ್‌ಬಾಕ್ಸೂ ಹಿಂದಿನ ಹೌಸಿಂಗೂ (ಆಕ್ಸಲ್ ಹೊರಗಿನ ಗಟ್ಟಿ ಕವಚ) ಸೇರುವ ಕಡೆ ಬೆರಳಿಂದ ಸವರಿದರು. ಬೋಲ್ಟ್ ತಲೆಗಳ ಮೇಲೂ ಬಣ್ಣ, ಗ್ರೀಸ್ ತುಂಬುವ ಸಣ್ಣ ಮೂತಿ, ಅಂದರೆ ಗ್ರೀಸ್ ನಿಪ್ಪಲ್ ಮೇಲೂ ಬಣ್ಣ, ಪಕ್ಕದ ರಬ್ಬರ್ ಪೈಪಿನ ಮೇಲೂ ಬಣ್ಣದ ಹನಿ. ಜೇಬಿನಿಂದ ಬೀಗದ ಕೀ ತೆಗೆದು ಒಂದು ಕಡೆ ಮೆಲ್ಲಗೆ ಕೆರೆದು ನೋಡಿದರು. ಆಮೇಲೆ ತಲೆ ಎತ್ತಿ ಕೇಳಿದರು: "ಇಲ್ಲಿ ಮೊದ್ಲು ಏನಿತ್ತಪ್ಪಾ?"

ಅಲ್ಲಿ ಏನೂ ಇರಲಿಲ್ಲ. ಬಿರುಕೂ ಇಲ್ಲ, ವೆಲ್ಡಿಂಗೂ ಇಲ್ಲ, ಆಯಿಲ್ ಸೋರಿಕೆಯೂ ಇಲ್ಲ. ಆದರೆ ಅದನ್ನು ತೋರಿಸುವ ದಾರಿಯೇ ನನ್ನ ಹತ್ತಿರ ಇರಲಿಲ್ಲ. 20 ವರ್ಷದ ಆಯಿಲ್ ಕಲೆ, ಧೂಳು, ಹಳೇ ಬಣ್ಣ ಎಲ್ಲಾ ಹಾಗೇ ಇದ್ದಿದ್ದರೆ ಅವೇ ನನ್ನ ಪರವಾಗಿ ಮಾತಾಡುತ್ತಿದ್ದವು. ಅವನ್ನೆಲ್ಲ ನಾನೇ ದುಡ್ಡು ಕೊಟ್ಟು ಮುಚ್ಚಿಸಿದ್ದೆ. ಅವರು ಹೋದ ಮೇಲೆ ಬಂದ ಇನ್ನೂ ಮೂವರು ಬೇರೆ ಬೇರೆ ಮಾತಿನಲ್ಲಿ ಅದೇ ಪ್ರಶ್ನೆ ಕೇಳಿದರು. ಕೊನೆಗೆ ಪೇಂಟ್ ಮಾಡಿಸುವ ಮುಂಚೆ ಒಬ್ಬರು ಕೇಳಿದ್ದ ಬೆಲೆಗೇ ಕೊಟ್ಟೆ. ಪೇಂಟಿನ ಖರ್ಚು ಪೂರ್ತಿ ಹೋಯಿತು, ಓಡಾಟದಲ್ಲಿ ಎರಡು ವಾರವೂ ಹೋಯಿತು.

ಹಳೇ ಟ್ರ್ಯಾಕ್ಟರ್ ಕೊಳ್ಳುವವರು ಬಣ್ಣ ನೋಡಿ ಮರುಳಾಗುವವರಲ್ಲ. ಅವರಿಗೆ ಅದರಲ್ಲಿ ಉಳುಮೆ ಆಗಬೇಕು, ಟ್ರೇಲರ್ ಎಳೆಯಬೇಕು. ಹೊಸ ಬಣ್ಣ ಕಂಡ ತಕ್ಷಣ ಅದರ ಕೆಳಗೆ ಏನಿದೆ ಅಂತ ತಲೆ ಓಡುತ್ತದೆ. ಹಾಗೆ ಯೋಚಿಸುವುದು ತಪ್ಪೇನಲ್ಲ. ಒಡೆದ ಹೌಸಿಂಗ್‌ಗೆ ಬೆಸುಗೆ ಹಾಕಿ, ಪುಟ್ಟಿ ತುಂಬಿ, ಮೇಲೆ ಬಣ್ಣ ಬಳಿದು ಮಾರುವವರು ಇದ್ದಾರೆ. ನಾನೇ ಬೇರೆಯವರ ಜೊತೆ ಟ್ರ್ಯಾಕ್ಟರ್ ನೋಡಲು ಹೋದಾಗ ಮೊದಲು ಬಗ್ಗಿ ನೋಡುವುದು ಹೊಟ್ಟೆಯ ಕೆಳಗೆ. ಬಾನೆಟ್ ಹೊಸದಾಗಿದ್ದರೆ ಪರವಾಗಿಲ್ಲ, ಅದು ಬರೀ ತಗಡು. ಇಂಜಿನ್ ಬ್ಲಾಕ್, ಗೇರ್‌ಬಾಕ್ಸ್, ಆಕ್ಸಲ್ ಹೌಸಿಂಗ್ ಮೇಲೆ ಹೊಸ ಬಣ್ಣ ಕಂಡರೆ ನಾನೂ ಕೀ ತೆಗೆಯುತ್ತೇನೆ.

ಹಾಗಂತ ಕೊಳೆ ಮೆತ್ತಿದ ಟ್ರ್ಯಾಕ್ಟರನ್ನು ಹಾಗೇ ನಿಲ್ಲಿಸಿಬಿಡಿ ಅಂತಲ್ಲ. ಕೊಳೆ ಕಂಡರೂ ಅನುಮಾನ ಬರುತ್ತದೆ. ತೊಳೆಯದವನು ಆಯಿಲ್ ಬದಲಿಸಿರುತ್ತಾನಾ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ತೊಳೆಯುವುದಕ್ಕೆ ಒಂದು ಇಡೀ ದಿನ ಇಡಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಶುರು ಮಾಡಿ, ಕಾದ ಇಂಜಿನ್ ಮೇಲೆ ತಣ್ಣೀರು ಬಿಡಬಾರದು. ಮೊದಲು ಒಣ ಮಣ್ಣನ್ನೂ ಗ್ರೀಸ್ ಮುದ್ದೆಗಳನ್ನೂ ಕಟ್ಟಿಗೆಯ ಚಕ್ಕೆಯಿಂದ ಕೆರೆದು ತೆಗೆಯಿರಿ. ಜಿಡ್ಡಿನ ಕಡೆ ಡಿಗ್ರೀಸರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಬ್ರಷ್‌ನಿಂದ ಉಜ್ಜಿ. ಜೋರು ಪ್ರೆಶರ್ ನೀರನ್ನು ಆಲ್ಟರ್ನೇಟರ್, ಸ್ಟಾರ್ಟರ್, ವೈರಿಂಗ್, ಮೀಟರ್ ಪ್ಯಾನಲ್ ಕಡೆ ಹಿಡಿಯಬೇಡಿ. ರೇಡಿಯೇಟರ್ ರೆಕ್ಕೆಗಳು ಬಹಳ ತೆಳು, ಹತ್ತಿರದಿಂದ ಜೋರಾಗಿ ಹೊಡೆದರೆ ಮಡಚಿಕೊಳ್ಳುತ್ತವೆ. ಅಲ್ಲಿ ಫ್ಯಾನ್ ಕಡೆಯಿಂದ ಹೊರಕ್ಕೆ ನಿಧಾನ ನೀರು ಬಿಟ್ಟರೆ ಸಿಕ್ಕಿಕೊಂಡ ಹೊಟ್ಟು ತಾನಾಗಿ ಈಚೆ ಬರುತ್ತದೆ. ತೊಳೆದಾದ ಮೇಲೆ ಎಲ್ಲ ನಿಪ್ಪಲ್‌ಗಳಿಗೂ ಹೊಸ ಗ್ರೀಸ್ ಹೊಡೆಯಿರಿ. ಒಳಗೆ ನುಗ್ಗಿದ ನೀರು ಅದರ ಜೊತೆ ಹೊರಗೆ ಬರುತ್ತದೆ.

ಈಗ ಬಾನೆಟ್. ಬಿಳಿಚಿಕೊಂಡ ಬಣ್ಣ ಅಂದ ತಕ್ಷಣ ಬಣ್ಣ ಸತ್ತುಹೋಯಿತು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಹಾಗಿರುವುದಿಲ್ಲ. ಬಿಸಿಲಿಗೆ ಮೇಲಿನ ಪದರ ಮಾತ್ರ ಪುಡಿ ಪುಡಿಯಾಗಿರುತ್ತದೆ. ಬೆರಳಿಂದ ಉಜ್ಜಿ ನೋಡಿ, ಸೀಮೆಸುಣ್ಣದ ಹಾಗೆ ಬೆರಳಿಗೆ ಅಂಟಿದರೆ ಒಳ್ಳೆಯ ಸುದ್ದಿ. ಕೆಳಗೆ ಜೀವ ಇರುವ ಬಣ್ಣ ಇನ್ನೂ ಇರುವ ಸಾಧ್ಯತೆ ಜಾಸ್ತಿ. ರಬ್ಬಿಂಗ್ ಕಾಂಪೌಂಡ್ (ಬಣ್ಣದ ಮೇಲಿನ ಪದರ ಉಜ್ಜಿ ತೆಗೆಯುವ ಪೇಸ್ಟ್) ತಂದು, ಬಾನೆಟ್ ಮೂಲೆಯಲ್ಲಿ ಒಂದು ಅಂಗೈಯಗಲ ಜಾಗವನ್ನು ಒದ್ದೆ ಬಟ್ಟೆಯಿಂದ ಸುತ್ತು ಸುತ್ತಾಗಿ ಉಜ್ಜಿ. ನನ್ನ ಎರಡನೇ ಟ್ರ್ಯಾಕ್ಟರ್ ಕೆಂಪು ಬಣ್ಣದ್ದು. ಮೂರು ನಿಮಿಷ ಉಜ್ಜುವಷ್ಟರಲ್ಲಿ ಬಿಳಿ ಬಟ್ಟೆ ತಿಳಿಗೆಂಪಾಯಿತು. ಒರೆಸಿ ನೋಡಿದರೆ ಮಂಕಾದ ತಗಡಿನ ನಡುವೆ ಅಷ್ಟು ಜಾಗ ಮಾತ್ರ ಒದ್ದೆಯಾದ ಹಾಗೆ ಹೊಳೆಯುತ್ತಿತ್ತು. ಅವತ್ತೇ ಪೇಂಟಿನ ಯೋಚನೆ ಬಿಟ್ಟೆ. ಇಡೀ ಬಾನೆಟ್ಟೂ ಮಡ್‌ಗಾರ್ಡೂ ಮುಗಿಸಲು ಒಂದೂವರೆ ದಿನ ಹಿಡಿಯಿತು. ಕೊನೆಗೆ ವ್ಯಾಕ್ಸ್ ಹಚ್ಚಿದೆ, ಇಲ್ಲದಿದ್ದರೆ ಮತ್ತೆ ಬೇಗ ಮಂಕಾಗುತ್ತದೆ.

ಅಂಚುಗಳಲ್ಲಿ ಮಾತ್ರ ಕೈ ಹಗುರ ಇರಲಿ. ಬಣ್ಣ ಅಲ್ಲೇ ತೀರಾ ತೆಳುವಾಗಿರುತ್ತದೆ, ಜೋರಾಗಿ ಉಜ್ಜಿದರೆ ಪ್ರೈಮರ್ ಕಾಣಿಸಿಬಿಡುತ್ತದೆ. ಹಳೇ ಸ್ಟಿಕ್ಕರ್‌ಗಳನ್ನೂ ಕೀಳಬೇಡಿ. ಮಾಸಿದ್ದರೂ ಪರವಾಗಿಲ್ಲ, ಕಂಪನಿಯಿಂದ ಬಂದ ಬಾನೆಟ್ ಅನ್ನುವುದಕ್ಕೆ ಅವೇ ಗುರುತು.

ಮಡ್‌ಗಾರ್ಡ್ ತುಕ್ಕಿಗೆ ಒಂದು ಸ್ಕ್ರೂಡ್ರೈವರ್ ತಗೊಳ್ಳಿ. ಗುಳ್ಳೆ ಎದ್ದ ಕಡೆ ಮೊನೆಯಿಂದ ಒತ್ತಿ ನೋಡಿ. ಮೇಲಿನ ಚಕ್ಕೆ ಉದುರಿ ಒಳಗೆ ಗಟ್ಟಿ ಕಬ್ಬಿಣ ತಾಗಿದರೆ ಅದು ಬರೀ ಮೇಲಿನ ತುಕ್ಕು. ವೈರ್ ಬ್ರಷ್ ಹಾಕಿ, ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಅದೇ ಬಣ್ಣದ ಎನಾಮೆಲ್ ಎರಡು ತೆಳು ಕೋಟ್ ಕೊಡಿ. ಬಣ್ಣ ಪಕ್ಕದ್ದಕ್ಕೆ ಪೂರ್ತಿ ಹೊಂದದಿದ್ದರೂ ಚಿಂತೆ ಬೇಡ. ತುಕ್ಕಿಗೆ ಅಂತಲೇ ಹಚ್ಚಿದ್ದು ಎಂದು ನೋಡಿದವರಿಗೆ ಗೊತ್ತಾಗುತ್ತದೆ, ಅದು ನಿಮಗೇ ಒಳ್ಳೆಯದು. ಮೊನೆ ಒಳಕ್ಕೇ ಹೋಗಿಬಿಟ್ಟರೆ ತಗಡು ತಿಂದುಹೋಗಿದೆ. ಆಗ ತೂತಿಗೆ ಪುಟ್ಟಿ ಮೆತ್ತಬೇಡಿ. ಹೊಸ ತಗಡು ಹಾಕಿಸಿ ಬೆಸುಗೆ ಕೊಡಿಸಿ, ಇಲ್ಲವೇ ತೂತನ್ನು ತೂತಾಗಿಯೇ ತೋರಿಸಿ ಬೆಲೆ ಮಾತಾಡಿ.

ಉಜ್ಜುವಾಗ ಒಂದು ಎಚ್ಚರ. ಹಳೇ ಪೇಂಟ್‌ಗಳಲ್ಲಿ ಸೀಸ ಇರಬಹುದು. ಆ ಪುಡಿ ಉಸಿರಿಗೆ ಹೋಗಬಾರದು. ಒಣಗಿದ ಹಾಗೇ ಉಜ್ಜುವ ಬದಲು ನೀರು ಹಾಕಿ ಉಜ್ಜಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಹಾರ್ಡನರ್ ಬೆರೆಸುವ ಎರಡು ಡಬ್ಬಿಯ ಪಿಯು ಪೇಂಟನ್ನು ಮನೆಯಲ್ಲಿ ಸ್ಪ್ರೇ ಮಾಡಲೇಬೇಡಿ. ಅದರಲ್ಲಿರುವ ಐಸೊಸಯನೇಟ್ ಅನ್ನುವ ರಾಸಾಯನಿಕ ಆಸ್ತಮಾ ತರಿಸುತ್ತದೆ, ಅದಕ್ಕೆ ಮಾಮೂಲಿ ಮಾಸ್ಕ್ ಸಾಲುವುದಿಲ್ಲ. ಟ್ರ್ಯಾಕ್ಟರ್ ಮಾರಿ ಹೋಗುತ್ತದೆ, ಕೆಟ್ಟ ಶ್ವಾಸಕೋಶ ನಿಮ್ಮ ಹತ್ತಿರವೇ ಉಳಿಯುತ್ತದೆ.

ಪೂರ್ತಿ ಪೇಂಟ್ ಸರಿ ಅನ್ನಿಸುವ ಸಂದರ್ಭಗಳೂ ಇವೆ. ಬಾನೆಟ್ ಒಂದು ಬಣ್ಣ, ಮಡ್‌ಗಾರ್ಡ್ ಇನ್ನೊಂದು ಬಣ್ಣ, ಬಾಗಿಲ ಪೇಂಟ್ ಬಳಿದ ಹಾಗೆ ಬ್ರಷ್ ಗೆರೆ, ಅರ್ಧ ತಗಡು ಬರಿದಾಗಿ ದಿನ ದಿನ ತುಕ್ಕು ಏರುತ್ತಿದೆ ಅಂದರೆ ತಗಡಿನ ಭಾಗಗಳನ್ನು ಬಿಚ್ಚಿ ಪೇಂಟ್ ಮಾಡಿಸಿ. ತಗಡು ಮಾತ್ರ. ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಮುಟ್ಟಬೇಡಿ. ಶುರು ಮಾಡುವ ಮುಂಚೆ ಪ್ರತಿ ಮೂಲೆಯ ಫೋಟೋ ತೆಗೆದಿಡಿ, ತುಕ್ಕು ಉಜ್ಜಿದ ಮೇಲೂ ತೆಗೆಯಿರಿ. ಬಂದವರಿಗೆ ಕೇಳುವ ಮುಂಚೆಯೇ ತೋರಿಸಿ. ನಂಬರ್ ಪ್ಲೇಟ್, ಛಾಸಿ ನಂಬರ್, ಇಂಜಿನ್ ನಂಬರ್ ಮೇಲೆ ಬಣ್ಣದ ಹನಿಯೂ ಬೀಳದ ಹಾಗೆ ಟೇಪ್ ಹಚ್ಚಿ. ಆ ನಂಬರ್ ಓದಲು ಆಗದಿದ್ದರೆ ಪತ್ರ ವರ್ಗಾಯಿಸುವಾಗ ತೊಂದರೆ ಬರುತ್ತದೆ. ಮಾರುವ ಹಿಂದಿನ ದಿನ ಪೇಂಟ್ ಮಾಡಿಸಬೇಡಿ. ಎನಾಮೆಲ್ ಮುಟ್ಟಿದರೆ ಅಂಟದಷ್ಟು ಒಣಗಲು ಕೆಲವು ಗಂಟೆ ಸಾಕು, ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಷ್ಟರೊಳಗೆ ಟ್ಯಾಂಕ್ ಮುಚ್ಚಳದ ಹತ್ತಿರ ಡೀಸೆಲ್ ಚೆಲ್ಲಿದರೆ ಬಣ್ಣ ಮೆತ್ತಗಾಗಿ ಸುಕ್ಕುಗಟ್ಟುತ್ತದೆ.

ತೀರಾ ಹಳೇ ಮಾಡೆಲ್ ಆಗಿದ್ದರೆ ಇನ್ನೂ ಒಂದು ಮಾತು. ನಿಮ್ಮದು ಅಷ್ಟು ಹಳೆಯದಲ್ಲ, ಆದರೂ ಇದೇ ಪ್ರಶ್ನೆ ಇಟ್ಟುಕೊಂಡು ಓದುವ ಬೇರೆಯವರಿಗೆ ಬೇಕಾಗಬಹುದು. 1946ರಿಂದ 1956ರವರೆಗೆ ಬಂದ ಫರ್ಗ್ಯುಸನ್ ಟಿಇ 20 ಕಾರ್ಖಾನೆಯಿಂದ ಬಂದದ್ದೇ ಬೂದು ಬಣ್ಣದಲ್ಲಿ. ಅದಕ್ಕೆ ಆಮೇಲಿನ ಮ್ಯಾಸಿ ಫರ್ಗ್ಯುಸನ್ ಕೆಂಪು ಬಳಿದರೆ ಸಂಗ್ರಹಕ್ಕೆ ಕೊಳ್ಳುವವರು ಬೇಸರ ಪಟ್ಟುಕೊಳ್ಳುತ್ತಾರೆ. ಅಂಥವರಿಗೆ ಕಾರ್ಖಾನೆಯ ಬಣ್ಣ ಅಲ್ಲಲ್ಲಿ ಹೋಗಿದ್ದರೂ ಅದೇ ಬೇಕು. ಹೊಸ ಬಣ್ಣ ಯಾವಾಗ ಬೇಕಾದರೂ ಹಚ್ಚಬಹುದು, ಕಾರ್ಖಾನೆಯ ಬಣ್ಣವನ್ನು ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ.

ಪೇಂಟಿನ ದುಡ್ಡು ಎಲ್ಲಿ ಹಾಕಬೇಕು ಅಂದರೆ, ಬಂದವರು ಮುಟ್ಟಿ ನೋಡುವ ಕಡೆ. ಬ್ಯಾಟರಿ ಮೊದಲು. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆದರೆ ಅರ್ಧ ಮಾತು ಮುಗಿದ ಹಾಗೆ. ಬರುವವರಿಗೆ ಅಂತ ಮುಂಚೆಯೇ ಇಂಜಿನ್ ಬಿಸಿ ಮಾಡಿ ಇಡಬೇಡಿ. ತಿಳಿದವರು ಬಂದ ತಕ್ಷಣ ಇಂಜಿನ್ ಮೇಲೆ ಅಂಗೈ ಇಟ್ಟು ನೋಡುತ್ತಾರೆ, ಬೆಚ್ಚಗಿದ್ದರೆ ತಣ್ಣಗಿರುವಾಗ ಸ್ಟಾರ್ಟ್ ಆಗಲ್ಲವೇನೋ ಅಂದುಕೊಳ್ಳುತ್ತಾರೆ. ಇಂಜಿನ್ ಆಯಿಲ್, ಫಿಲ್ಟರ್‌ಗಳು, ಕೂಲೆಂಟ್ ಹೊಸದು ಹಾಕಿ, ಬಿಲ್ ಇಟ್ಟುಕೊಳ್ಳಿ. ಆಯಿಲ್ ತೆಗೆದಾಗ ಅದು ಕೆನೆ ಬೆರೆತ ಹಾಗೆ ಬೆಳ್ಳಗಿದ್ದರೆ ನೀರು ಸೇರುತ್ತಿದೆ ಅಂತ ಅರ್ಥ, ಅದನ್ನು ಮೊದಲು ಮೆಕ್ಯಾನಿಕ್‌ಗೆ ತೋರಿಸಿ. ಸ್ಟಿಯರಿಂಗ್ ಆಟ ಜಾಸ್ತಿ ಇದ್ದರೆ ಬಾಲ್ ಜಾಯಿಂಟ್ ನೋಡಿಸಿ. ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ ಅಲ್ಲಾಡಿಸಿದಾಗ ಲಟಲಟ ಅಂದರೆ ಕಿಂಗ್ ಪಿನ್ ಬುಷ್ ಸವೆದಿರಬಹುದು, ಬೇರಿಂಗ್ ಕೂಡ ಆಗಿರಬಹುದು. ಲಿಫ್ಟ್‌ಗೆ ಕಲ್ಟಿವೇಟರ್ ಕಟ್ಟಿ ಎತ್ತಿ, ಇಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಡಿ. ತಾನಾಗಿ ಬೇಗ ಕೆಳಗಿಳಿದರೆ ಹೈಡ್ರಾಲಿಕ್ ಒಳಗೆ ಎಲ್ಲೋ ಲೀಕ್ ಇದೆ. ಪಿಟಿಓ (ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಶಾಫ್ಟ್), ಬ್ರೇಕ್, ಲೈಟ್, ಮೀಟರ್ ಎಲ್ಲವನ್ನೂ ಒಂದು ಸಲ ನೀವೇ ನೋಡಿಕೊಳ್ಳಿ. ಹರಿದ ಸೀಟ್ ಕವರ್ ಬದಲಿಸಿ. ಸಣ್ಣ ಖರ್ಚು, ಆದರೆ ಬಂದವರು ಹತ್ತಿ ಕೂರುವುದು ಅದರ ಮೇಲೇ.

ಎರಡನೇ ಟ್ರ್ಯಾಕ್ಟರ್‌ನಲ್ಲಿ ಹಿಂದಿನ ಆಕ್ಸಲ್ ಸೀಲ್ ಹತ್ತಿರ ಸ್ವಲ್ಪ ಆಯಿಲ್ ಜಿನುಗುತ್ತಿತ್ತು. ಒರೆಸಲಿಲ್ಲ. ನೋಡಲು ಬಂದವರಿಗೆ ನಾನೇ ಬೆರಳಿಟ್ಟು ತೋರಿಸಿದೆ: "ಅಣ್ಣ, ಇದೊಂದು ಸೀಲ್ ಬದಲಿಸ್ಬೇಕು, ಬೇರೆಲ್ಲೂ ಜಿನುಗಲ್ಲ, ನೀವೇ ನೋಡ್ಕೊಳ್ಳಿ." ಅವರು ಕೆಳಗೆಲ್ಲಾ ನೋಡಿದರು. ಹಳೇ ಬಣ್ಣ, ಹಳೇ ಬೋಲ್ಟ್, ಸ್ಪ್ಯಾನರ್ ಬಿದ್ದ ಗುರುತು ಎಲ್ಲವೂ ಇದ್ದಲ್ಲೇ ಇದ್ದವು. ಸೀಲ್ ಖರ್ಚಿನಷ್ಟು ಕಡಿಮೆ ಕೇಳಿದರು, ಒಪ್ಪಿಕೊಂಡೆ. ನೋಡಲು ಬಂದ ಎರಡನೆಯವರೇ ಅದನ್ನು ಕೊಂಡರು.

ಇನ್ನೂ ಅನುಮಾನ ಇದ್ದರೆ ಹೀಗೆ ಮಾಡಿ. ತೊಳೆದು ಪಾಲಿಶ್ ಮಾಡಿದ ಮೇಲೆ ಇಬ್ಬರು ಮೂವರಿಗೆ ತೋರಿಸಿ ಬೆಲೆ ಕೇಳಿ. ಆಮೇಲೆ "ಪೇಂಟ್ ಮಾಡ್ಸಿ ಕೊಟ್ರೆ ಎಷ್ಟು ಕೊಡ್ತೀರಿ?" ಅಂತ ನೇರ ಕೇಳಿ. ಅವರು ಏರಿಸುವ ಮೊತ್ತ ಪೇಂಟಿನ ಖರ್ಚಿಗಿಂತ, ನಿಮ್ಮ ದಿನಗಳಿಗಿಂತ ಜಾಸ್ತಿ ಇದ್ದರೆ ಮಾತ್ರ ಮುಂದುವರಿಯಿರಿ. ಬಹಳ ಜನ "ಬೇಡ ಬಿಡಿ, ನಾವೇ ನೋಡ್ಕೋತೀವಿ" ಅನ್ನುತ್ತಾರೆ. ಶೋರೂಮಿಗೆ ಎಕ್ಸ್‌ಚೇಂಜ್ ಕೊಡುವುದಾದರಂತೂ ಪೇಂಟ್ ವಿಷಯ ಮರೆತುಬಿಡಿ, ಬೇಕಿದ್ದರೆ ಅವರೇ ಮಾಡಿಸಿಕೊಳ್ಳುತ್ತಾರೆ.

ಮೊದಲು ಬಾನೆಟ್ ಮೂಲೆಯ ಆ ಅಂಗೈಯಗಲ ಜಾಗ ಉಜ್ಜಿ ನೋಡಿ. ಉಜ್ಜಿದ್ದು, ಉಜ್ಜದ್ದು ಎರಡೂ ಕಾಣುವ ಹಾಗೆ ನೆರಳಿನಲ್ಲಿ ಒಂದು ಫೋಟೋ ತೆಗೆದು ಇಲ್ಲಿ ಹಾಕಿ. ಮಡ್‌ಗಾರ್ಡ್ ತುಕ್ಕನ್ನು ಹತ್ತಿರದಿಂದ ತೆಗೆದದ್ದೂ ಇರಲಿ. ಎಷ್ಟು ಪಾಲಿಶ್‌ಗೆ ಬರುತ್ತದೆ, ಎಲ್ಲಿಗೆ ಬಣ್ಣ ಬೇಕು ಅಂತ ನೋಡಿ ಹೇಳುತ್ತೇನೆ.