ಕುಗ್ಗಿ ಬಾಯಿ ಬಿಟ್ಟ ಬಬಲ್ ಟಿಪ್ ಅನಿಮೋನ್: ಔಷಧಿಗೆ ಮುಂಚೆ ಇದನ್ನು ನೋಡಿ

ನೀವು ಬರೆದದ್ದನ್ನು ಒಂದು ಕಡೆ ಇಟ್ಟುಕೊಳ್ಳುತ್ತೇನೆ. 150 ಲೀಟರ್ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್, ಶುರುಮಾಡಿ ನಾಲ್ಕು ತಿಂಗಳು. ಬಬಲ್ ಟಿಪ್ ಅನಿಮೋನ್ (ಕಲ್ಲಿಗೆ ಅಂಟಿ ಬದುಕುವ, ಹೂವಿನಂತೆ ಕಾಣುವ ಕಡಲ ಪ್ರಾಣಿ) ಬಂದು ಮೂರು ವಾರ. ಮೂರು ದಿನದಿಂದ ಕುಗ್ಗಿದೆ, ಬಾಯಿ ಅರೆ ತೆರೆದಿದೆ, ಬಣ್ಣ ಬಿಳಿಚಿಕೊಂಡಿದೆ, ಕಂದು ಲೋಳೆ ಉಗುಳುತ್ತಿದೆ, ಕಲ್ಲು ಬಿಟ್ಟು ಹಿಂದಿನ ಗಾಜಿಗೆ ಹೋಗಿ, ನೀರಿನಲ್ಲಿ ಅಲೆ ಎಬ್ಬಿಸುವ ಪಂಪ್ ಆದ ವೇವ್‌ಮೇಕರ್ ಪಕ್ಕ ಕೂತಿದೆ. ಉಷ್ಣತೆ 28.5, ಉಪ್ಪಿನಂಶ ಅಳೆಯುವ ಹೈಡ್ರೋಮೀಟರಿನಲ್ಲಿ (ನೀರಿನ ಸಾಪೇಕ್ಷ ಸಾಂದ್ರತೆ) 1.022, ಕೆಎಚ್ (ಕ್ಷಾರತೆ) 11, ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಹೊಸ ಎಲ್‌ಇಡಿ ಶೇ. 80ರಲ್ಲಿ ದಿನಕ್ಕೆ ಹತ್ತು ಗಂಟೆ. ಯಾರೋ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಹೇಳಿದ್ದಾರೆ; ಯಾವ ಔಷಧಿ ಹಾಕಲಿ ಅಂತ ಕೇಳಿದ್ದೀರಿ.

ಯಾವುದೂ ಬೇಡ. ಮೊದಲ ಕೆಲಸ ಇನ್ನು ಹತ್ತು ನಿಮಿಷದಲ್ಲೇ ಆಗಬೇಕು: ವೇವ್‌ಮೇಕರಿನ ಬಾಯಿಗೆ ಒರಟು ಸ್ಪಂಜು ತೊಡಿಸಿ, ಇಲ್ಲವೇ ಅದನ್ನು ಆಫ್ ಮಾಡಿ ನೀರಿನ ಮೇಲ್ಮೈ ಕದಡಲು ಏರ್ ಸ್ಟೋನ್ ಹಾಕಿ. ಅಲೆದಾಡುವ ಅನಿಮೋನ್ ಸಾಯುವುದು ಕಾಯಿಲೆಗಿಂತ ಪಂಪಿಗೆ ಸಿಕ್ಕಿ ಚೂರಾಗಿಯೇ ಹೆಚ್ಚು. ಚೂರಾದರೆ ಟ್ಯಾಂಕಿನ ಮೀನುಗಳಿಗೂ ಉಳಿಗಾಲವಿಲ್ಲ. ಸ್ಪಂಜು ಬೇಗ ಕಟ್ಟಿಕೊಳ್ಳುತ್ತದೆ, ಎರಡು ಮೂರು ದಿನಕ್ಕೊಮ್ಮೆ ತೊಳೆಯಿರಿ. ಓವರ್‌ಫ್ಲೋ ಬಾಯಿಯನ್ನೂ (ಟ್ಯಾಂಕಿನ ನೀರು ಹೊರಗೆ ಹರಿಯುವ ಕಿಂಡಿ) ಮರೆಯಬೇಡಿ.

ಇನ್ನು ಪ್ರಾಣಿಯನ್ನು ಓದುವ ವಿಚಾರ. ಗಾತ್ರ ನೋಡಿ ಗಾಬರಿಯಾಗಬೇಡಿ. ಆರೋಗ್ಯವಾಗಿರುವ ಅನಿಮೋನ್ ಕೂಡ ದಿನಕ್ಕೆ ಒಂದೆರಡು ಸಲ ಒಳಗಿನ ನೀರನ್ನೆಲ್ಲ ಹೊರಹಾಕಿ ಒಣದ್ರಾಕ್ಷಿಯಂತಾಗಿ, ಮತ್ತೆ ಉಬ್ಬುತ್ತದೆ. ಬೆರಳಿನಂಥ ಎಳೆಗಳ (ಟೆಂಟಕಲ್) ತುದಿಯಲ್ಲಿ ಗುಳ್ಳೆ ಇಲ್ಲದಿದ್ದರೂ ರೋಗವಲ್ಲ; ಚೆನ್ನಾಗಿರುವ ಎಷ್ಟೋ ಬಬಲ್ ಟಿಪ್‌ಗಳು ವರ್ಷಗಟ್ಟಲೆ ಉದ್ದ ಎಳೆಯಲ್ಲೇ ಇರುತ್ತವೆ. ನೋಡಬೇಕಾದದ್ದು ಬಾಯಿ ಮತ್ತು ಪಾದ (ಅಂಟಿಕೊಳ್ಳುವ ತಳ).

ಬಾಯಿ ಮುಚ್ಚಿ ಬಿಗಿಯಾಗಿದ್ದರೆ ಉಳಿದದ್ದು ಸರಿಹೋಗುತ್ತದೆ. ಕಸ ಹೊರಹಾಕುವಾಗ ಸ್ವಲ್ಪ ತೆರೆದು, ಒಂದೆರಡು ಗಂಟೆಯಲ್ಲಿ ಮುಚ್ಚಿಕೊಂಡರೆ ಅದೂ ಸಹಜ. ಒಂದು ದಿನ ದಾಟಿದರೂ ಜೋತುಬಿದ್ದು, ಒಳಭಾಗ ಹೊರಗೆ ಕಾಣುತ್ತಿದ್ದರೆ ಪರಿಸ್ಥಿತಿ ಕೆಟ್ಟಿದೆ. ಪಾದ ಗಾಜಿಗೆ ಗಟ್ಟಿಯಾಗಿ ಅಂಟಿದ್ದರೆ ಅದರಲ್ಲಿ ಇನ್ನೂ ಶಕ್ತಿ ಇದೆ ಎಂದರ್ಥ. ಅಂಟದೆ ನೀರಲ್ಲಿ ಉರುಳಾಡುತ್ತಿದ್ದರೆ, ಇಲ್ಲವೇ ಪಾದದಲ್ಲಿ ಹರಿದ ಗಾಯವಿದ್ದರೆ ಆಸೆ ಕಡಿಮೆ. ನಿಮ್ಮದು ನಡೆದುಕೊಂಡು ಹೋಗಿ ಗಾಜು ಹಿಡಿದಿದೆ; ಅದು ಒಳ್ಳೆಯ ಸುದ್ದಿ.

ಕಂದು ಲೋಳೆಯಲ್ಲೂ ಎರಡು ಬಗೆ. ತಿಂದ ಮರುದಿನ ಬರುವ ಕಂದು ಉಂಡೆ ಮಲ, ಅಷ್ಟೆ. ಏನೂ ತಿನ್ನದೆ ದಿನಾ ಕಂದು ಎಳೆ ಬರುತ್ತಾ, ಜೊತೆಗೆ ಮೈ ಬಿಳಿಚಿಕೊಳ್ಳುತ್ತಿದ್ದರೆ ಅದು ತನ್ನೊಳಗಿನ ಸಹಜೀವಿ ಪಾಚಿಯನ್ನು ಹೊರಗೆ ತಳ್ಳುತ್ತಿದೆ. ಅನಿಮೋನಿಗೆ ಬೇಕಾದ ಶಕ್ತಿಯ ದೊಡ್ಡ ಪಾಲು ಬರುವುದು ಈ ಪಾಚಿಯಿಂದಲೇ. ಬೆಳಕು ಮತ್ತು ಶಾಖ ಎರಡೂ ಒಟ್ಟಿಗೆ ಮಿತಿ ಮೀರಿದಾಗ ಪಾಚಿಯ ದ್ಯುತಿಸಂಶ್ಲೇಷಣೆ ಹದ ತಪ್ಪಿ, ಜೀವಕೋಶಕ್ಕೆ ಹಾನಿ ಮಾಡುವ ಆಕ್ಸಿಜನ್ ರೂಪಗಳು ಉಂಟಾಗುತ್ತವೆ. ಪ್ರಾಣಿ ಪಾಚಿಯನ್ನೇ ಆಚೆ ಹಾಕುತ್ತದೆ. 28.5 ಡಿಗ್ರಿ, ಶೇ. 80ರ ಹೊಸ ದೀಪ, ಬಿಳಿಚಿದ ಮೈ: ಮೂರೂ ಒಂದೇ ಕಥೆ ಹೇಳುತ್ತಿವೆ. ಲೋಳೆ ಕಂದಾಗಿರದೆ, ಬಿಳಿ ದಾರದಂಥ ಸುರುಳಿ ಬಾಯಿಂದ ನೇತಾಡುತ್ತಿದ್ದರೆ ಮಾತ್ರ ಬೇರೆ ವಿಚಾರ. ಅದು ಕರುಳಿನ ತಂತು, ಗಂಭೀರ ಲಕ್ಷಣ.

ಆದರೆ ದೀಪಕ್ಕೆ ಕೈ ಹಾಕುವ ಮುಂಚೆ ಉಪ್ಪಿನಂಶ. ಆ ಹೈಡ್ರೋಮೀಟರ್ ನಂಬಬೇಡಿ. ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಜಾಸ್ತಿ ತೋರಿಸುತ್ತದೆ, ಉಪ್ಪು ಕಟ್ಟಿದರೆ ಕಡಿಮೆ. ರಿಫ್ರಾಕ್ಟೋಮೀಟರಿನಲ್ಲಿ (ಬೆಳಕು ಬಾಗುವುದರಿಂದ ಉಪ್ಪಿನಂಶ ಅಳೆಯುವ ಸಾಧನ) ಅಳೆಯಿರಿ, ಅದನ್ನೂ ಶುದ್ಧ ನೀರಿನಲ್ಲಿ ಅಲ್ಲ, 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ಕ್ಯಾಲಿಬ್ರೇಷನ್ ದ್ರಾವಣದಲ್ಲಿ ಹೊಂದಿಸಿ. ಅನಿಮೋನಿಗೆ ಬೇಕಾದದ್ದು 35 ಪಿಪಿಟಿ, ಅಂದರೆ 1.026ರ ಆಸುಪಾಸು. ನಿಜಕ್ಕೂ 1.022 ಇದ್ದರೆ ಅದು ಸುಮಾರು 30 ಪಿಪಿಟಿ. ಮೀನು ಅಲ್ಲಿ ಆರಾಮಾಗಿರುತ್ತದೆ, ಅನಿಮೋನ್ ಇರುವುದಿಲ್ಲ. ಅದರ ಮೈಯ ಬಹುಪಾಲು ಸುತ್ತಲಿನ ನೀರೇ ಆದ್ದರಿಂದ ಉಪ್ಪಿನ ಏರುಪೇರು ಅದಕ್ಕೆ ನೇರ ತಟ್ಟುತ್ತದೆ.

ಹಾಗಂತ ಒಂದೇ ದಿನದಲ್ಲಿ ಏರಿಸಿದರೆ ಇನ್ನೊಂದು ಏಟು. ಸುಲಭ ದಾರಿ: ಆವಿಯಾದ ನೀರಿನ ಬದಲು ಕೆಲವು ದಿನ ಆರ್‌ಒ ನೀರು ಹಾಕದೆ, 35 ಪಿಪಿಟಿಗೆ ಕಲಸಿದ ಉಪ್ಪುನೀರನ್ನೇ ತುಂಬಿ. ಕಲ್ಲು ಮರಳು ಕಳೆದು ನಿಮ್ಮಲ್ಲಿ 120 ಲೀಟರ್ ನೀರಿದೆ ಎಂದುಕೊಳ್ಳೋಣ. ದಿನಕ್ಕೆ ಎರಡು ಲೀಟರ್ ಆವಿಯಾದರೆ, ತುಂಬುವ ನೀರಿನಿಂದ ಸುಮಾರು 70 ಗ್ರಾಂ ಉಪ್ಪು ಸೇರುತ್ತದೆ, ದಿನಕ್ಕೆ 0.6 ಪಿಪಿಟಿ ಏರಿಕೆ. ಎಂಟು ಒಂಬತ್ತು ದಿನದಲ್ಲಿ ಜಾಗಕ್ಕೆ ಬರುತ್ತದೆ. ಬಂದ ದಿನವೇ ಮತ್ತೆ ಸಿಹಿನೀರಿಗೆ ಮರಳಿ, ಇಲ್ಲದಿದ್ದರೆ ಮೀರಿಹೋಗುತ್ತದೆ. ಆಟೋ ಟಾಪ್ ಆಫ್ (ಆವಿಯಾದ ನೀರನ್ನು ತಾನೇ ತುಂಬುವ ಸಾಧನ) ಇದ್ದರೆ ಇದು ಮರೆತುಹೋಗುವ ಸಾಧ್ಯತೆ ಹೆಚ್ಚು. ಒಣ ಉಪ್ಪನ್ನು ಟ್ಯಾಂಕಿಗೆ ಸುರಿಯುವ ಮಾತೇ ಬೇಡ.

ದೀಪ: ಇವತ್ತೇ ಶೇ. 40ಕ್ಕೆ ಇಳಿಸಿ, ಆರು ಗಂಟೆ ಸಾಕು. ಪೂರ್ತಿ ಕತ್ತಲು ಮಾಡಬೇಡಿ, ಉಳಿದಿರುವ ಪಾಚಿಯೂ ಹೋಗುತ್ತದೆ. ಬಾಯಿ ಮುಚ್ಚಿ ಬಣ್ಣ ಮರಳುವ ಸುಳಿವು ಕಂಡ ಮೇಲೆ ವಾರಕ್ಕೆ ಶೇ. 5ರಂತೆ ಏರಿಸಿ. ಪಾರ್ ಮೀಟರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು ಅಳೆಯುವ ಸಾಧನ) ಯಾರಿಂದಲಾದರೂ ಸಿಕ್ಕರೆ, ಅದು ಕೂರುವ ಜಾಗದಲ್ಲಿ ಕೊನೆಗೆ 150ರಿಂದ 250ರ ನಡುವೆ ಇರಲಿ. "ಬಿಳಿಚಿದೆ, ಬೆಳಕು ಸಾಲದು" ಎಂದು ಇನ್ನೂ ಏರಿಸುವವರೇ ಜಾಸ್ತಿ. ನೀವು ಆ ತಪ್ಪು ಮಾಡಬೇಡಿ.

ಉಷ್ಣತೆಯನ್ನು ದಿನಕ್ಕೆ ಒಂದು ಡಿಗ್ರಿಯಂತೆ 26ಕ್ಕೆ ತನ್ನಿ. ನೀರಿನ ಮೇಲೆ ಫ್ಯಾನ್ ಬಿಟ್ಟರೆ ಎರಡು ಡಿಗ್ರಿ ಇಳಿಯುವುದು ಕಷ್ಟವಲ್ಲ, ಆದರೆ ಆವಿಯಾಗುವುದೂ ಹೆಚ್ಚುತ್ತದೆ. ಮೇಲಿನ ಉಪ್ಪಿನ ಲೆಕ್ಕ ಬದಲಾಗುತ್ತದೆ. ಹಾಗಾಗಿ ರಿಫ್ರಾಕ್ಟೋಮೀಟರ್ ದಿನಾ.

ಅಮೋನಿಯ ಎಷ್ಟು ಅಂತ ನೀವು ಬರೆದೇ ಇಲ್ಲ. ಇವತ್ತೇ ನೋಡಿ, ಕಿಟ್‌ನ ಅವಧಿ ಮುಗಿದಿಲ್ಲವೇ ಅಂತಲೂ ನೋಡಿ. ಸೊನ್ನೆಗಿಂತ ಒಂದಿಷ್ಟು ಹೆಚ್ಚಿದ್ದರೂ ಈ ಪಟ್ಟಿಯಲ್ಲಿ ಅದೇ ಮೊದಲು: 25 ಶೇಕಡಾ ನೀರು ಬದಲಿಸಿ. ಹೊಸ ನೀರು ಒಂದು ದಿನ ಮುಂಚೆ ಕಲಸಿದ್ದಾಗಿರಲಿ, ಉಷ್ಣತೆಯೂ ಉಪ್ಪೂ ಟ್ಯಾಂಕಿನ ಇವತ್ತಿನ ಮಟ್ಟಕ್ಕೇ ಹೊಂದಿರಲಿ.

ನೈಟ್ರೇಟ್ ಸೊನ್ನೆ ಎಂಬುದನ್ನು ನೀವು ಹೆಮ್ಮೆಯಿಂದ ಬರೆದಂತಿದೆ. ಇಲ್ಲಿ ಅದು ಒಳ್ಳೆಯದಲ್ಲ. ಒಳಗಿನ ಪಾಚಿಗೂ ಸಾರಜನಕ, ರಂಜಕ ಬೇಕು. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಇದ್ದರೆ ಚೆನ್ನ. ಫಾಸ್ಫೇಟ್ ತೆಗೆಯುವ ಮೀಡಿಯ ಇದ್ದರೆ ಹೊರಗಿಡಿ, ಮೀನಿಗೆ ಊಟ ಸ್ವಲ್ಪ ಹೆಚ್ಚಿಸಿ. ಕೆಎಚ್ 11 ಒಂದೇ ಆಗಿ ಕೊಲ್ಲುವುದಿಲ್ಲ. 8–9ಕ್ಕೆ ನಿಧಾನವಾಗಿ ಇಳಿಯಲಿ, ಡೋಸಿಂಗ್ ಮಾಡುತ್ತಿದ್ದರೆ ನಿಲ್ಲಿಸಿದರೆ ಸಾಕು. ನಾಲ್ಕು ತಿಂಗಳ ಟ್ಯಾಂಕಿನಲ್ಲಿ ಈ ಅಂಕೆಗಳು ವಾರವಾರ ಓಲಾಡುತ್ತವೆ, ಅದಕ್ಕೇ ಅನಿಮೋನಿಗೆ ಆರು ತಿಂಗಳಿಂದ ಒಂದು ವರ್ಷ ಕಾಯಿರಿ ಎನ್ನುವುದು. ಈಗ ತಂದಾಗಿದೆ, ಅದರ ಮಾತು ಬಿಡಿ.

ಊಟ ಈಗ ಬೇಡ. ಬಾಯಿ ಬಿಟ್ಟಿರುವ ಅನಿಮೋನಿಗೆ ತುರುಕಿದ ಸಿಗಡಿ ಒಳಗೇ ಕೊಳೆಯುತ್ತದೆ. ಬಾಯಿ ಮುಚ್ಚಿ, ಎಳೆಗಳು ಮತ್ತೆ ಅಂಟತೊಡಗಿದ ಮೇಲೆ ಕರಗಿಸಿದ ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ), ಇಲ್ಲವೇ ಬಟಾಣಿ ಕಾಳಿಗಿಂತ ಚಿಕ್ಕ ಸಿಗಡಿ ಚೂರು, ವಾರಕ್ಕೆ ಎರಡು ಸಲ. ಪಂಪ್ ಹದಿನೈದು ನಿಮಿಷ ನಿಲ್ಲಿಸಿ ಕೊಡಿ. ಕೆಲವು ಗಂಟೆಗಳಲ್ಲಿ ಉಗುಳಿದರೆ ಚೂರು ದೊಡ್ಡದಾಯಿತು ಎಂದರ್ಥ. ಟ್ಯಾಂಕಿನಲ್ಲಿ ಕ್ಲೀನರ್ ಸಿಗಡಿ ಇದ್ದರೆ ಅನಿಮೋನಿನ ಬಾಯಿಂದಲೇ ಊಟ ಕಿತ್ತು ತಿನ್ನುತ್ತದೆ; ಪ್ಲಾಸ್ಟಿಕ್ ಬಾಟಲಿಯ ಮೇಲರ್ಧ ಕತ್ತರಿಸಿ, ತೂತು ಮಾಡಿ, ತಿಂದು ಮುಗಿಸುವವರೆಗೆ ಅನಿಮೋನಿನ ಮೇಲೆ ಕವುಚಿಡಿ.

ಕ್ಲೌನ್ ಮೀನಿನ ಜೋಡಿ ಇದ್ದು, ಕುಗ್ಗಿದ ಅನಿಮೋನಿಗೆ ಮೈ ಉಜ್ಜುತ್ತಲೇ ಇದ್ದರೆ ಅದು ಅರಳುವುದೇ ಇಲ್ಲ. ರಂಧ್ರದ ಪ್ಲಾಸ್ಟಿಕ್ ಬುಟ್ಟಿಯಿಂದ ಒಂದೆರಡು ವಾರ ಮೀನನ್ನು ದೂರ ಇಡಿ. ಪೆಪ್ಪರ್‌ಮಿಂಟ್ ಸಿಗಡಿ ಇದೆಯೇ? ರಾತ್ರಿ ಟಾರ್ಚ್ ಹಾಕಿ ನೋಡಿ, ಕೆಲವು ಎಳೆ ಕಚ್ಚುತ್ತವೆ.

ಹಿಂದೆ ಈ ಟ್ಯಾಂಕಿನಲ್ಲೋ ಈ ಕಲ್ಲುಗಳಿಗೋ ತಾಮ್ರದ ಔಷಧಿ ತಗುಲಿದ್ದರೆ ತಿಳಿಸಿ. ಕಲ್ಲು ಹೀರಿದ ತಾಮ್ರ ತಿಂಗಳುಗಟ್ಟಲೆ ಸೋರುತ್ತದೆ, ಹಾಗಿದ್ದಲ್ಲಿ ಮೇಲಿನದ್ದೆಲ್ಲ ಮಾಡಿದರೂ ಪ್ರಯೋಜನವಿಲ್ಲ. ಪಂಪಿನ ಮ್ಯಾಗ್ನೆಟ್ ಬಿರುಕು ಬಿಟ್ಟು ತುಕ್ಕು ಹಿಡಿದಿದೆಯೇ ಎಂದು ಬಿಚ್ಚಿ ನೋಡಿ. ಬಿಚ್ಚುವ ಮುಂಚೆ ಪ್ಲಗ್ ಕೀಳಿ.

ಸಿಪ್ರೊಫ್ಲಾಕ್ಸಾಸಿನ್ ಬಗ್ಗೆ ಯಾರೋ ಹೇಳಿದ್ದಾರಲ್ಲ, ಅದು ಬಹುತೇಕ ಮ್ಯಾಗ್ನಿಫಿಕಾ, ಗಿಗಾಂಟಿಯಾ ಎಂಬ ಬೇರೆ ಅನಿಮೋನ್ ಜಾತಿಗಳು ಹೊಸದಾಗಿ ಬಂದಾಗ ದಿನಾ ಉಬ್ಬಿ ದಿನಾ ಪೂರ್ತಿ ಕುಸಿಯುವ ಸೋಂಕಿಗೆ ಬಳಸುವ ಕ್ರಮ. ಪ್ರತ್ಯೇಕ ಟ್ಯಾಂಕ್, ನಿತ್ಯ ಪೂರ್ತಿ ನೀರು ಬದಲಾವಣೆ, ಬೆಳಕಿಗೆ ಔಷಧಿ ಒಡೆಯುವುದರಿಂದ ದೀಪ ಆರಿದ ಮೇಲೆ ಡೋಸ್. ಮುಖ್ಯ ಟ್ಯಾಂಕಿಗೆ ಹಾಕಿದರೆ ಬ್ಯಾಕ್ಟೀರಿಯಾ ಹೋಗಿ ಅಮೋನಿಯ ಏರುವ ಅಪಾಯವಿದೆ. ಕಾರಣ ಕಣ್ಣಿಗೇ ಕಾಣುತ್ತಿರುವಾಗ ಆ ದಾರಿ ಯಾಕೆ?

ಗಾಜಿನಿಂದ ಕಿತ್ತು ಕಲ್ಲಿಗೆ ಕೂರಿಸಲು ಹೋಗಬೇಡಿ, ಪಾದ ಹರಿಯುತ್ತದೆ. ಬಬಲ್ ಟಿಪ್ ಕಲ್ಲಿನ ಸಂದಿಯಲ್ಲಿ ಪಾದ ಹುದುಗಿಸಿಕೊಳ್ಳುವ ಪ್ರಾಣಿ. ಆಳದ ತೂತಿರುವ ಒಂದು ಕಲ್ಲನ್ನು ಗಾಜಿಗೆ ತಾಗಿಸಿ ಇಡಿ, ಇಷ್ಟವಾದರೆ ತಾನೇ ಇಳಿಯುತ್ತದೆ.

ಬೆಳಿಗ್ಗೆ ರಾತ್ರಿ ಒಮ್ಮೆ ನೋಡಿ. ಪಾದ ಬಿಟ್ಟು, ಮುಟ್ಟಿದರೆ ಸ್ಪಂದಿಸದೆ, ಮೈ ಲೋಳೆಯಾಗಿ ಕರಗುತ್ತಾ, ಹೊರಗೆತ್ತಿದರೆ ಕೊಳೆತ ವಾಸನೆ ಬಂದರೆ ಕಾಯಬೇಡಿ. ಗ್ಲೌಸ್ ಹಾಕಿ ಬಟ್ಟಲಿನಲ್ಲಿ ಎತ್ತಿ ತೆಗೆಯಿರಿ, 30 ಶೇಕಡಾ ನೀರು ಬದಲಿಸಿ, ಫಿಲ್ಟರಿಗೆ ಹೊಸ ಕಾರ್ಬನ್ ಹಾಕಿ. ವಾಸನೆ ಇಲ್ಲದಿದ್ದರೆ ಜೀವ ಇದೆ ಎಂದೇ ಇಟ್ಟುಕೊಂಡು ಮುಟ್ಟದೆ ಬಿಡಿ.

ಅಮೋನಿಯ ಮತ್ತು ರಿಫ್ರಾಕ್ಟೋಮೀಟರ್ ಅಂಕೆ ಸಿಕ್ಕ ಕೂಡಲೇ ಇಲ್ಲೇ ಹಾಕಿ. ಜೊತೆಗೆ ಬಾಯಿಯ ಒಂದು ಫೋಟೋ, ನೀಲಿ ದೀಪದಲ್ಲಿ ಅಲ್ಲ, ಬಿಳಿ ಬೆಳಕಿನಲ್ಲಿ ತೆಗೆದದ್ದು. ನೀಲಿಯಲ್ಲಿ ಬಿಳಿಚಿದ್ದೂ ಹೊಳೆಯುತ್ತದೆ, ಏನೂ ಗೊತ್ತಾಗುವುದಿಲ್ಲ.