ಬಾಲ್ಯವಿವಾಹದ ವಿರುದ್ಧ ರೀಲ್ಸ್ ಮಾಡಿದರೆ ಲಗ್ನ ನಿಲ್ಲುತ್ತದೆಯೇ?

ನೀವು ಕೇಳಿದ್ದು: ಜಮಖಂಡಿ ಕಡೆಯ ಕಾಲೇಜು ಗೆಳೆಯರು ಸೇರಿ, ಬಸವ ಜಯಂತಿಗೆ ಮುಂಚೆ ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ನಲ್ಲಿ ಬಾಲ್ಯವಿವಾಹದ ವಿರುದ್ಧ ಅಭಿಯಾನ ಮಾಡಬೇಕೆಂದಿದ್ದೀರಿ, ಇದರಿಂದ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ, ಇಲ್ಲ ಲೈಕು ಎಣಿಸುವುದರಲ್ಲೇ ಮುಗಿಯುತ್ತದೆಯೇ?

ಬದಲಾಗುತ್ತದೆ, ಆದರೆ 'ಅರಿವು ಮೂಡಿಸುತ್ತೇವೆ' ಎಂಬ ಗುರಿಯನ್ನು ಮೊದಲು ಬಿಡಿ. ಹುಡುಗಿಗೆ 18, ಹುಡುಗನಿಗೆ 21 ಎಂಬುದು ನಮ್ಮ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? ಗೊತ್ತಿರುವುದರಿಂದಲೇ ಹಂದರ ಹಾಕದೆ, ಬ್ಯಾಂಡ್ ಹೇಳದೆ, ನಸುಕಿನಲ್ಲಿ ಗುಡಿಯೊಳಗೆ ಅಕ್ಕಿಕಾಳು ಹಾಕಿ ಮುಗಿಸುತ್ತಾರೆ. ಜನಕ್ಕೆ ಗೊತ್ತಿಲ್ಲದಿರುವುದು ಬೇರೆ. ಪಕ್ಕದ ಮನೆಯ ಹತ್ತನೆಯ ತರಗತಿ ಹುಡುಗಿಗೆ ಲಗ್ನ ನಿಶ್ಚಯವಾಗಿದೆ ಎಂದು ತಿಳಿದವರು ಯಾರಿಗೆ ಹೇಳಬೇಕು, ಏನೇನು ಹೇಳಬೇಕು, ಹೇಳಿದರೆ ತಮ್ಮ ಹೆಸರು ಊರಿಗೆಲ್ಲ ಗೊತ್ತಾಗುತ್ತದೆಯೇ? ನಿಮ್ಮ ಅಭಿಯಾನ ಈ ಮೂರಕ್ಕೆ ಉತ್ತರ ಕೊಟ್ಟರೆ ಸಾಕು.

ಇದು ಬರೀ ನನ್ನ ಅಭಿಪ್ರಾಯವಲ್ಲ. 2012ರ ಮೇ 1ರಂದು ಫೇಸ್‌ಬುಕ್ ಅಮೆರಿಕದಲ್ಲಿ 'ನಾನು ಅಂಗಾಂಗ ದಾನಿ' ಎಂದು ತಮ್ಮ ಪುಟದಲ್ಲಿ ಹಾಕಿಕೊಳ್ಳುವ ಸೌಲಭ್ಯ ಕೊಟ್ಟಿತು, ಅದರ ಜೊತೆಗೇ ಆಯಾ ರಾಜ್ಯದ ದಾನಿಗಳ ನೋಂದಣಿಗೆ ಲಿಂಕ್ ಇಟ್ಟಿತು. ಮೊದಲ ದಿನವೇ 13 ಸಾವಿರ ಮಂದಿ ನೋಂದಾಯಿಸಿಕೊಂಡರು, ಎಂದಿಗಿಂತ 21 ಪಟ್ಟು ಹೆಚ್ಚು. ಮುಂದಿನ ದಿನಗಳಲ್ಲಿ ಆ ಏರಿಕೆ ಇಳಿಯುತ್ತ ಬಂತು, ಅದೂ ನೆನಪಿರಲಿ. ಇನ್ನೊಂದು ಕಡೆ, ಸುಡಾನಿನ ದಾರ್‌ಫರ್ ಹತ್ಯಾಕಾಂಡದ ವಿರುದ್ಧ ಅದೇ ಫೇಸ್‌ಬುಕ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಗುಂಪು ಬೆಳೆಯಿತು; ಅವರಲ್ಲಿ ಶೇ 99ಕ್ಕೂ ಹೆಚ್ಚು ಮಂದಿ ಒಂದು ಕಾಸೂ ಕೊಡಲಿಲ್ಲ, ಶೇ 72ರಷ್ಟು ಮಂದಿ ಇನ್ನೊಬ್ಬರನ್ನು ಕರೆತರಲಿಲ್ಲ. ನಮ್ಮ ದೇಶದ್ದೇ ಬೇಕೆಂದರೆ, 2015ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ನೆಟ್ ನ್ಯೂಟ್ರಾಲಿಟಿ, ಅಂದರೆ ಇಂಟರ್ನೆಟ್‌ನಲ್ಲಿ ಎಲ್ಲ ತಾಣಗಳನ್ನೂ ಸಮಾನವಾಗಿ ಕಾಣಬೇಕೆಂಬ ತತ್ವದ ಪರವಾಗಿ ಹತ್ತು ಲಕ್ಷ ಇಮೇಲ್ ಹೋದವು. 2016ರ ಫೆಬ್ರುವರಿ 8ರಂದು ಡೇಟಾಕ್ಕೆ ತಾರತಮ್ಯದ ದರ ಹಾಕುವುದನ್ನು ಟ್ರಾಯ್ ನಿಷೇಧಿಸಿತು. ಕೆಲಸ ಆದ ಕಡೆಯಲ್ಲೆಲ್ಲ ಜನರ ಕೈಗೆ ಒಂದೇ ಒಂದು ಕೆಲಸ ಸಿಕ್ಕಿತ್ತು, ತಟ್ಟಬೇಕಾದ ಬಾಗಿಲು ಯಾವುದೆಂದು ಸ್ಪಷ್ಟವಿತ್ತು.

ನಿಮಗೆ ಆ ಬಾಗಿಲು 1098. ಮಕ್ಕಳ ಸಹಾಯವಾಣಿ, ಇಪ್ಪತ್ನಾಲ್ಕು ತಾಸು, ಉಚಿತ. ಆದರೆ '1098ಕ್ಕೆ ಕರೆ ಮಾಡಿ' ಎಂದಷ್ಟೇ ಪೋಸ್ಟರ್ ಹಾಕಿದರೆ ಅರ್ಧ ಕೆಲಸ. ಕರೆ ಮಾಡಿದವರು ಹೇಳಬೇಕಾದದ್ದು ಹುಡುಗಿಯ ಮತ್ತು ತಂದೆಯ ಹೆಸರು, ಊರು ಮತ್ತು ಓಣಿ ಅಥವಾ ತಾಂಡಾ, ಲಗ್ನದ ದಿನ ಮತ್ತು ಜಾಗ, ಹುಡುಗನ ಊರು, ಹುಡುಗಿ ಓದಿದ ಶಾಲೆ. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ, ಕೇಸು ಬಿದ್ದುಹೋಗುವುದೂ ಅಲ್ಲಿಯೇ. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ ವಯಸ್ಸಿಗೆ ಮೊದಲ ಪುರಾವೆ ಶಾಲೆಯ ಜನ್ಮದಿನಾಂಕದ ಪತ್ರ ಇಲ್ಲವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಮನೆಯವರು ತೋರಿಸುವುದು ಆಧಾರ್ ಕಾರ್ಡ್. ಅದು ವಯಸ್ಸಿನ ಪುರಾವೆಯಲ್ಲ. ಶಾಲೆಯ ಹೆಸರು ಮೊದಲೇ ಗೊತ್ತಿದ್ದರೆ ಅಧಿಕಾರಿ ಮುಖ್ಯಶಿಕ್ಷಕರಿಂದ ದಾಖಲಾತಿ ಪುಸ್ತಕದ ನಕಲು ಹಿಡಿದುಕೊಂಡೇ ಆ ಮನೆಗೆ ಹೋಗುತ್ತಾರೆ. ಗೊತ್ತಿಲ್ಲದಿದ್ದರೆ ಆಧಾರ್ ನೋಡಿ ಬರಿಗೈಲಿ ಹಿಂತಿರುಗುವ ಸಾಧ್ಯತೆ ಹೆಚ್ಚು.

ಎರಡನೆಯದು ಸಮಯ. ಲಗ್ನದ ದಿನ ಬೆಳಗ್ಗೆ ಬರುವ ಕರೆ ಅತಿ ದುರ್ಬಲ ಕರೆ. ಅಷ್ಟೊತ್ತಿಗೆ ಸಾಲ ಮಾಡಿ ಖರ್ಚು ಮಾಡಿರುತ್ತಾರೆ, ಬೀಗರು ಬಂದಿರುತ್ತಾರೆ, ಇಡೀ ಓಣಿ ಅಧಿಕಾರಿಗಳ ಎದುರು ನಿಲ್ಲುತ್ತದೆ. ನಾಲ್ಕೈದು ದಿನ ಮುಂಚೆ ತಿಳಿದರೆ ಬಾಲ್ಯವಿವಾಹ ನಿಷೇಧ ಕಾಯ್ದೆ 2006ರ 13ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ತಡೆಯಾಜ್ಞೆ ತರಬಹುದು. ಆ ಆಜ್ಞೆ ಮೀರಿ ಕಟ್ಟಿದ ತಾಳಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ಮೀರಿದವರಿಗೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇನ್ನೊಂದು ಮಾತು: ಬಸವ ಜಯಂತಿ ಬರುವುದು ಅಕ್ಷಯ ತೃತೀಯದ ದಿನವೇ. ಅಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾಧಿಕಾರಿಯೇ ನಿಷೇಧಾಧಿಕಾರಿ ಎಂದು ಅದೇ ಕಲಂ ಅಕ್ಷಯ ತೃತೀಯದ ಹೆಸರು ಹೇಳಿಯೇ ಬರೆದಿದೆ. ಸಾಮೂಹಿಕ ವಿವಾಹದ ಕರಪತ್ರ ಸಿಕ್ಕರೆ, ಜೋಡಿಗಳ ವಯಸ್ಸಿನ ದಾಖಲೆ ಪರಿಶೀಲಿಸಿ ಎಂದು ವಾರ ಮುಂಚೆ ಜಿಲ್ಲಾಧಿಕಾರಿ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಒಂದು ಹಾಳೆ ನೂರು ರೀಲ್ಸ್‌ಗೆ ಸಮ ಎಂದು ನಾನು ನಂಬುತ್ತೇನೆ.

ಸಂದೇಶ ವಿಡಿಯೊಗಿಂತ ಆಡಿಯೊದಲ್ಲಿ ಇರಲಿ, ಅರ್ಧ ನಿಮಿಷ ಮೀರದಿರಲಿ, ಪುಸ್ತಕದ ಕನ್ನಡ ಬೇಡ. "ಲಗ್ನಕ್ಕ ಇನ್ನ ನಾಕ್ ದಿನ ಐತೇನ್ರಿ? ಇವತ್ತ 1098ಕ್ಕ ಫೋನ್ ಹಚ್ರಿ. ನಿಮ್ಮ ಹೆಸರ ಹೇಳೂದ ಬ್ಯಾಡ. ಹುಡುಗಿ ಹೆಸರ, ಓಣಿ, ಸಾಲಿ ಹೆಸರ ಹೇಳ್ರಿ, ಸಾಕ." ಇಷ್ಟೇ. ತಾಂಡಾಗಳಿಗೆ ಇದನ್ನೇ ಲಂಬಾಣಿಯಲ್ಲಿ, ಅಥಣಿ, ನಿಪ್ಪಾಣಿ ಕಡೆಗೆ ಮರಾಠಿಯಲ್ಲೂ ಹೇಳಿಸಿ.

ಯಾರಿಗೆ ಕಳಿಸಬೇಕು? ಫಾಲೋವರ್‌ಗಳ ಹಿಂದೆ ಬೀಳಬೇಡಿ. ನಿಮ್ಮ ತಾಲ್ಲೂಕಿನ ಲಗ್ನಪತ್ರಿಕೆ ಮುದ್ರಕರು, ಶಾಮಿಯಾನಾದವರು, ಅಡುಗೆಯವರು, ಫೋಟೊಗ್ರಾಫರ್, ಕಲ್ಯಾಣ ಮಂಟಪದವರು, ಲಗ್ನ ಮಾಡಿಸುವ ಅಯ್ಯನವರು, ಪುರೋಹಿತರು, ಖಾಜಿಗಳು: ಇವರ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕಳಿಸಿ, ಆಮೇಲೆ ಹೋಗಿ ಭೇಟಿಯಾಗಿ. ಬಾಲ್ಯವಿವಾಹ ನಿಷೇಧ ಕಾಯ್ದೆಯ 10ನೇ ಕಲಂ ಪ್ರಕಾರ ಇಂಥ ಲಗ್ನ ನೆರವೇರಿಸಿದವರಿಗೆ, ಮಾಡಿಸಿದವರಿಗೆ ಎರಡು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಬುಕಿಂಗ್ ಹಿಡಿಯುವಾಗಲೇ 'ಹುಡುಗಿಯ ಶಾಲಾ ದಾಖಲೆ ತೋರಿಸ್ರಿ' ಎನ್ನುವ ಅಭ್ಯಾಸ ಇವರಲ್ಲಿ ನಾಲ್ಕು ಮಂದಿಗೆ ಬಂದರೂ ವಿಷಯ ವಾರಗಟ್ಟಲೆ ಮುಂಚೆ ಹೊರಬರುತ್ತದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಮುಖ್ಯಶಿಕ್ಷಕರು, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ತಹಶೀಲ್ದಾರರೆಲ್ಲ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ನಿಷೇಧಾಧಿಕಾರಿಗಳೇ. ಅವರ ನಂಬರು ನಿಮ್ಮಲ್ಲಿರಲಿ.

ಈಗ ಎಡವಟ್ಟುಗಳು. ಅತಿ ದೊಡ್ಡದು, ಲಗ್ನಪತ್ರಿಕೆಯ ಫೋಟೊ ಅಥವಾ ಹುಡುಗಿಯ ಫೋಟೊ ಗುಂಪಿಗೆ ಹಾಕಿ 'ಇದನ್ನು ನಿಲ್ಲಿಸಿ' ಎಂದು ಬರೆಯುವುದು. ದಯವಿಟ್ಟು ಇದನ್ನು ಎಂದೂ ಮಾಡಬೇಡಿ. ಅಂಥ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ: ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ಕೆಟ್ಟದ್ದೆಂದರೆ ಸುದ್ದಿ ಅರ್ಧ ತಾಸಿನಲ್ಲಿ ಆ ಮನೆಗೇ ಮುಟ್ಟುತ್ತದೆ. ಲಗ್ನ ಎರಡು ದಿನ ಮುಂಚೆಯೇ ಮುಗಿದುಹೋಗುತ್ತದೆ, ಇಲ್ಲವೇ ಗಡಿ ದಾಟಿ ಜತ್ತ ಅಥವಾ ಸೊಲ್ಲಾಪುರ ಕಡೆಯ ಬಳಗದವರ ಊರಿಗೆ ಹೋಗುತ್ತದೆ. ಹುಡುಗನ ಊರು ಹೇಳಿ ಎಂದದ್ದು ಇದಕ್ಕೇ. 1098 ಮಹಾರಾಷ್ಟ್ರದಲ್ಲೂ ಅದೇ ನಂಬರು.

ಮತ್ತೊಂದು, ಬಸವ ಜಯಂತಿ ಮುಗಿದ ಮೇಲೆ ಸುಮ್ಮನಾಗುವುದು. ಕಬ್ಬು ಕಡಿಯಲು ಹೋಗುವ ಮನೆಗಳಲ್ಲಿ ಲಗ್ನದ ಇನ್ನೊಂದು ಸುಗ್ಗಿ ಇದೆ. ಕಾರ್ಖಾನೆ ಶುರುವಾಗುವ ಮುಂಚೆ, ದಸರೆಯ ಆಸುಪಾಸು, ಮುಕಾದಮರು (ಕೂಲಿಯವರನ್ನು ಕರೆದೊಯ್ಯುವ ಗುತ್ತಿಗೆದಾರರು) ಗಂಡ ಹೆಂಡಿರ ಜೋಡಿ ಲೆಕ್ಕದಲ್ಲಿ ಮುಂಗಡ ಕೊಡುತ್ತಾರೆ. ಬೆಳೆದ ಹುಡುಗಿಯನ್ನು ಊರಲ್ಲಿ ಒಬ್ಬಳನ್ನೇ ಬಿಟ್ಟು ಹೋಗಲು ತಾಯಿತಂದೆಗೆ ಅಂಜಿಕೆ. ಆ ಅಂಜಿಕೆ ಸುಳ್ಳಲ್ಲ, ಅದನ್ನು ಬೈದು ಓಡಿಸಲೂ ಆಗದು. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಪಿಯುಸಿಗೆ ಮೆಟ್ರಿಕ್ ನಂತರದ ಹಾಸ್ಟೆಲ್: ಎಲ್ಲಿ ಜಾಗ ಇದೆ, ಅರ್ಜಿಗೆ ಯಾವ ಕಾಗದ ಬೇಕು, ಕೊನೆಯ ದಿನ ಯಾವುದು ಎಂಬುದನ್ನು ಆಯಾ ವರ್ಷ ಕೇಳಿಕೊಂಡು ಹಾಕಿ. ಆ ಪೋಸ್ಟ್‌ಗೆ ಲೈಕು ಬರುವುದಿಲ್ಲ, ಅದನ್ನು ಸೇವ್ ಮಾಡಿಟ್ಟುಕೊಳ್ಳುತ್ತಾರೆ.

ಲಗ್ನ ನಿಂತ ಮೇಲೆ 'ಯಶಸ್ವಿ' ಎಂದು ಪೋಸ್ಟ್ ಹಾಕಲು ಅವಸರ ಬೇಡ. ತಾಯಿತಂದೆ ಮುಚ್ಚಳಿಕೆ ಬರೆದುಕೊಟ್ಟು ಹದಿನೈದು ದಿನಕ್ಕೆ ಬೇರೆ ಊರಲ್ಲಿ ಮುಗಿಸಬಹುದು. ಮುಚ್ಚಳಿಕೆಯ ಜೊತೆ ತಡೆಯಾಜ್ಞೆ ಆಗಿದೆಯೇ, ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದ್ದಾರೆಯೇ ಎಂದು ಸಿಡಿಪಿಒ ಕಚೇರಿಯಲ್ಲಿ ಕೇಳಿ. ತಪ್ಪಿ ಲಗ್ನ ಆಗಿಬಿಟ್ಟರೂ ಕೈಚೆಲ್ಲಬೇಡಿ. ಕರ್ನಾಟಕ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಂದ ತನ್ನ ತಿದ್ದುಪಡಿಯಲ್ಲಿ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನಲ್ಲಿ ಆಗಿಯೇ ಇಲ್ಲ ಎಂದಿದೆ.

ಕೊನೆಗೆ ಅಳತೆಯ ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 18ಕ್ಕೆ ಮುಂಚೆ ಲಗ್ನವಾದವರು 2015–16ರಲ್ಲಿ ಶೇ 21.4, ನಾಲ್ಕು ವರ್ಷದ ನಂತರ ಶೇ 21.3. ಇದನ್ನು ಹಿಡಿದು ನಿಮ್ಮ ಅಭಿಯಾನ ಗೆದ್ದಿತು, ಸೋತಿತು ಎನ್ನಬೇಡಿ. ಆ ಅಂಕಿಯೊಳಗಿನ ಲಗ್ನಗಳು ಸಮೀಕ್ಷೆಗೆ ಎಷ್ಟೋ ವರ್ಷ ಮುಂಚೆ ಆದವು. ನೀವು ಒಂದು ನೋಟ್‌ಬುಕ್ ಇಡಿ, ಹೆಸರು ಬರೆಯದೆ. ಎಷ್ಟು ಕರೆ ಹೋದವು, ಲಗ್ನಕ್ಕೆ ಎಷ್ಟು ದಿನ ಮುಂಚೆ ಹೋದವು, ಎಷ್ಟಕ್ಕೆ ತಡೆಯಾಜ್ಞೆ ಬಂತು, ಜೂನ್ ತಿಂಗಳಲ್ಲಿ ಅವರಲ್ಲಿ ಎಷ್ಟು ಹುಡುಗಿಯರು ಪಿಯುಸಿಗೆ ಸೇರಿದರು: ಈ ನಾಲ್ಕು ಕಾಲಂ ಸಾಕು. ಮೊದಲ ವರ್ಷ ಎರಡನೆಯ ಕಾಲಂನಲ್ಲಿ ಬಹುಪಾಲು 'ಅದೇ ದಿನ' ಎಂದೇ ಇರುತ್ತದೆ. ಅದು ಮೂರು, ನಾಲ್ಕು ದಿನ ಆಗುವವರೆಗೆ ಅದೇ ಆಡಿಯೊವನ್ನು ಅದೇ ಜನರಿಗೆ ಮತ್ತೆ ಮತ್ತೆ ಕಳಿಸುತ್ತಿರಿ.