ಫೀ ಬೇಡ, ಕಾಗದ ತನ್ನಿ

ಈ ಕಾನೂನು ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ವಯಸ್ಸಾದವರ ತಂಟೆ ತಕರಾರಿನವೇ. ಆದರೆ ಬರೆದವರು ಅವರಲ್ಲ. ಮೊಮ್ಮಕ್ಕಳು, ಪಕ್ಕದ ಮನೆಯವರು, ಒಬ್ಬ ಮಗ ಕೂಡ ಬರೆದಿದ್ದಾನೆ, ಅದೂ ಸಿಟ್ಟಿನಿಂದ. ನಾಲ್ಕಕ್ಕೆ ಉತ್ತರ ಕೊಡುತ್ತೇನೆ.

ಅಕ್ಕ, ನಮ್ಮಜ್ಜಿಗೆ 74 ವರ್ಷ. ಎರಡು ವರ್ಷದ ಹಿಂದೆ ತನ್ನ ಹೆಸರಿನ 4 ಎಕರೆ ತೊಗರಿ ಹೊಲವನ್ನು ನಮ್ಮ ದೊಡ್ಡಪ್ಪನಿಗೆ ದಾನಪತ್ರ ಮಾಡಿಕೊಟ್ಟಳು. ಆರು ತಿಂಗಳು ಚೆನ್ನಾಗಿ ನೋಡಿಕೊಂಡರು, ಆಮೇಲೆ ಅವಳ ಟ್ರಂಕು ತಂದು ನಮ್ಮ ಮನೆ ಕಟ್ಟೆ ಮೇಲೆ ಇಟ್ಟು ಹೋದರು. ವಕೀಲರೊಬ್ಬರು ಮೊದಲು 25 ಸಾವಿರ ಇಡಿ ಅಂದರು. ಹೊಲ ವಾಪಸ್ ಬರುತ್ತಾ? — ಮೊಮ್ಮಗಳು, ಆಳಂದ ತಾಲ್ಲೂಕು

ಮೊದಲು ಆ 25 ಸಾವಿರದ ಮಾತು ಮುಗಿಸೋಣ. ಅದು ಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗಬೇಕು ಅಂತ ಇದೆ, ಆದಾಯ ಎಷ್ಟೇ ಇರಲಿ. ಅಜ್ಜಿ ಹೆಣ್ಣುಮಗಳು, ಅಷ್ಟೇ ಸಾಕು, ವಯಸ್ಸಿನ ಲೆಕ್ಕ ಕೂಡ ಬೇಡ. ಆಳಂದದ ಕೋರ್ಟಿನಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ. ಬಿಳಿ ಹಾಳೆ ಮೇಲೆ ನಾಲ್ಕು ಸಾಲು ಬರೆದು, ಅಜ್ಜಿಯ ಹೆಬ್ಬೆಟ್ಟು ಹಾಕಿಸಿ, ಆಧಾರ್ ಜೆರಾಕ್ಸ್ ಸೇರಿಸಿ ಕೊಡಿ. ಏಳು ದಿನದೊಳಗೆ ತೀರ್ಮಾನ ಹೇಳಬೇಕು ಅಂತ ನಿಯಮ ಇದೆ. ಕೋರ್ಟ್ ಫೀ ಕೂಡ ಅವರೇ ಕಟ್ಟುತ್ತಾರೆ. ಹೋಗೋಕೆ ಆಗದಿದ್ದರೆ 15100ಕ್ಕೆ ಫೋನ್ ಮಾಡಿ.

ಈಗ ಹೊಲ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದಾನಪತ್ರದ ನಕಲು ತೆಗೆಸಿ, ಪಹಣಿ ಬೇರೆ ಇಟ್ಟುಕೊಳ್ಳಿ. ದಾನಪತ್ರವನ್ನು ಕುಂತು ಪೂರ್ತಿ ಓದಿ. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ’ ಅನ್ನೋದು ಎಲ್ಲಾ ದಾನಪತ್ರದಲ್ಲೂ ಇರುತ್ತೆ, ಅದನ್ನು ಬಿಡಿ. ‘ಜೀವ ಇರೋತನಕ ಅನ್ನ, ಬಟ್ಟೆ, ಔಷಧಿ ನೋಡಿಕೊಳ್ಳತಕ್ಕದ್ದು’ ಅನ್ನೋ ಥರದ ಒಂದು ಸಾಲು ಎಲ್ಲಾದರೂ ಇದೆಯಾ ನೋಡಿ. ಇದ್ದರೆ ನಿಮ್ಮ ಕೈ ಮೇಲು. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳೋ ಷರತ್ತಿನ ಮೇಲೆ ಆಸ್ತಿ ಪಡೆದು ಆಮೇಲೆ ಕೈಬಿಟ್ಟರೆ ಅದನ್ನು ಮೋಸದಿಂದ ಬರೆಸಿಕೊಂಡ ಪತ್ರ ಅಂತಲೇ ಹಿಡಿದು ರದ್ದು ಮಾಡಬಹುದು.

ಆ ಸಾಲು ಇಲ್ಲದಿದ್ದರೆ ಕಷ್ಟ ಜಾಸ್ತಿ, ಸುಳ್ಳು ಹೇಳಲ್ಲ. ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ, ಷರತ್ತು ಇತ್ತು ಅಂತ ತೋರಿಸದೆ ಈ ಸೆಕ್ಷನ್ ಸಿಗಲ್ಲ ಅಂದಿತ್ತು. ಆದರೆ 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಕೇಸಿನಲ್ಲಿ, ಈ ಕಾಯ್ದೆ ಇರೋದೇ ವಯಸ್ಸಾದವರಿಗಾಗಿ, ಅದನ್ನು ಉದಾರವಾಗಿ ಓದಬೇಕು ಅಂತ ಹೇಳಿ ದಾನಪತ್ರ ರದ್ದು ಮಾಡಿತು. ಆ ಕೇಸಿನಲ್ಲಿ ಮಗ ‘ನೋಡಿಕೊಳ್ಳುತ್ತೇನೆ’ ಅಂತ ಬೇರೆ ಹಾಳೆಯಲ್ಲಿ ಬರೆದುಕೊಟ್ಟಿದ್ದ. ಹಾಗಾಗಿ ನಿಮ್ಮ ದೊಡ್ಡಪ್ಪ ಊರ ಹಿರಿಯರ ಮುಂದೆ ಎಲ್ಲಾದರೂ ಸಹಿ ಮಾಡಿದ್ದಾರಾ ಹುಡುಕಿ. ಟ್ರಂಕಿನಲ್ಲೇ ಇರಬಹುದು, ಅಜ್ಜಿಯರು ಯಾವ ಕಾಗದವನ್ನೂ ಎಸೆಯಲ್ಲ.

ಏನೂ ಸಿಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ಪತ್ರ ರದ್ದತಿಗೆ ದಾವೆ ಹಾಕಬಹುದು, ಆದರೆ ಮೋಸ ಆಯ್ತು ಅಂತ ರುಜುವಾತು ಮಾಡಬೇಕಾಗುತ್ತೆ. ಮೋಸ ಗೊತ್ತಾದ ದಿನದಿಂದ ಮೂರು ವರ್ಷದ ಗಡುವು ಅದಕ್ಕಿದೆ. ಟ್ರಂಕು ಕಟ್ಟೆ ಮೇಲೆ ಬಂದ ತಾರೀಖು ಬರೆದಿಡಿ.

ಹೊಲದ ಜಗಳ ಮುಗಿಯೋತನಕ ಅಜ್ಜಿಯ ಊಟ ಔಷಧಿ? ಅದಕ್ಕೆ ಇದೇ 2007ರ ಕಾಯ್ದೆಯಡಿ ಕಲಬುರಗಿಯ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಗೆ ಜೀವನಾಂಶದ ಅರ್ಜಿ ಬೇರೆ ಹಾಕಿ. ಅಜ್ಜಿಗೆ ತಾನೇ ಹಾಕೋಕೆ ಆಗದಿದ್ದರೆ, ಅವಳ ಒಪ್ಪಿಗೆ ಪಡೆದು ನೀವೇ ಹಾಕಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಆದೇಶ ಆಗಬಹುದು, ನೋಟಿಸ್ ಮುಟ್ಟಿದ ಮೇಲೆ 90 ದಿನದಲ್ಲಿ ತೀರ್ಪು ಬರಬೇಕು. 90 ದಿನ ಅನ್ನೋದು ಕಾಗದದ ಮಾತು, ಸ್ವಲ್ಪ ಆಚೀಚೆ ಆಗುತ್ತೆ, ಬೆನ್ನು ಹತ್ತಿ ಕೇಳುತ್ತಾ ಇರಬೇಕು.

ಮೇಡಂ, ನಮ್ಮಪ್ಪ ನನ್ನ ಮೇಲೇ ಎ.ಸಿ. ಕಚೇರಿಯಲ್ಲಿ ಕೇಸ್ ಹಾಕಿದ್ದಾರೆ. ನನಗೆ ಇಬ್ಬರು ತಮ್ಮಂದಿರು, ಒಬ್ಬ ತಂಗಿ ಇದ್ದಾರೆ, ಅವರನ್ನು ಯಾರೂ ಕೇಳಲ್ಲ. ನಾನು ವಕೀಲರನ್ನು ಇಡಬಹುದಾ? — ಕಲಬುರಗಿ

ಮೇಲೆ ಹೇಳಿದ ಹಿರಿಯ ನಾಗರಿಕರ ಕಾಯ್ದೆಯ 17ನೇ ಸೆಕ್ಷನ್, ಎ.ಸಿ. ಮುಂದಿನ ಇಂಥ ಕೇಸಿಗೆ ವಕೀಲರು ಬರಬಾರದು ಅನ್ನುತ್ತೆ. ದುಡ್ಡಿರೋ ಮಗ ದೊಡ್ಡ ವಕೀಲರನ್ನು ತಂದು ಮುದುಕರನ್ನು ಹೆದರಿಸಬಾರದು ಅಂತಲೇ ಆ ಸೆಕ್ಷನ್. ಕೇರಳ, ದೆಹಲಿ ಹೈಕೋರ್ಟ್‌ಗಳು ವಕೀಲರನ್ನು ತಡೆಯೋಕೆ ಬರಲ್ಲ ಅಂದಿವೆ, ಆ ತೀರ್ಪು ಹಿಡಿದು ಕೇಳಿ ನೋಡಬಹುದು. ಆದರೆ ನಿಮಗೆ ವಕೀಲರಿಗಿಂತ ಒಂದು ಅರ್ಜಿ ಹೆಚ್ಚು ಕೆಲಸಕ್ಕೆ ಬರುತ್ತೆ. ತಂದೆಯನ್ನು ನೋಡಿಕೊಳ್ಳಬೇಕಾದ ಉಳಿದ ಮಕ್ಕಳನ್ನೂ ಇದೇ ಕೇಸಿಗೆ ಸೇರಿಸಿ ಅಂತ ನೀವು ಕೇಳಬಹುದು, 5ನೇ ಸೆಕ್ಷನ್ನಿನಲ್ಲೇ ಅವಕಾಶ ಇದೆ. ಮದುವೆಯಾದ ತಂಗಿಯೂ ಮಗಳೇ. ನಾಲ್ಕು ಪಾಲು ಆದರೆ ನಿಮ್ಮ ಪಾಲು ಎಷ್ಟು ಕಮ್ಮಿ ಆಗುತ್ತೆ ಲೆಕ್ಕ ಹಾಕಿ.

ಇನ್ನೊಂದು ಮಾತು. ಆದೇಶ ಆದ ಮೇಲೆ ‘ಕೊಡಲ್ಲ, ಏನ್ ಮಾಡ್ತೀರಿ’ ಅನ್ನೋಕೆ ಹೋಗಬೇಡಿ. ವಾರಂಟ್ ಬರುತ್ತೆ, ಒಂದು ತಿಂಗಳವರೆಗೆ ಜೈಲೂ ಆಗಬಹುದು.

ನನಗೆ ಪೋಲಿಯೋ, ಎರಡೂ ಕೈಗೆ ಊರುಗೋಲು. ಪಕ್ಕದ ಹೊಲದವರ ಹೊಡೆದಾಟ ನೋಡಿದ್ದೆ ಅಂತ ಪೊಲೀಸರು ಪದೇಪದೇ ಠಾಣೆಗೆ ಕರೆಯುತ್ತಾರೆ. ನನ್ನದೇ ಒಂದು ಸಿವಿಲ್ ಕೇಸೂ ಇದೆ, ಆ ಕೋರ್ಟು ಮೊದಲ ಮಹಡಿಯಲ್ಲಿ. ಉಚಿತ ವಕೀಲರು ಸಿಕ್ಕರು, ಆದರೆ ಅವರ ಗುಮಾಸ್ತ ಟೈಪಿಂಗಿಗೆ 2,000 ಕೇಳುತ್ತಾನೆ. — ಯಾದಗಿರಿ ಜಿಲ್ಲೆ

ಠಾಣೆಯಿಂದ ಶುರು ಮಾಡೋಣ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ನೋಡಿ. ಸಾಕ್ಷಿ ಅಂತ ಕರೆಯೋದಾದರೆ ಅಂಗವೈಕಲ್ಯ ಇರುವವರನ್ನು, ಹೆಣ್ಣುಮಕ್ಕಳನ್ನು, 60 ದಾಟಿದ ಗಂಡಸರನ್ನು ಠಾಣೆಗೆ ಬಾ ಅನ್ನೋ ಹಾಗಿಲ್ಲ. ಪೊಲೀಸರೇ ಮನೆಗೆ ಬರಬೇಕು. ನೀವು ಆರೋಪಿಯಾಗಿದ್ದರೆ ಮಾತು ಬೇರೆ. ಮುಂದಿನ ಸಲ ಫೋನ್ ಬಂದಾಗ ‘ಸಾಹೇಬ್ರೇ, 179ರಲ್ಲಿ ಮನೆಗೆ ಬರಬೇಕು ಅಂತ ಇದೆಯಲ್ರೀ’ ಅಂತ ಮೆತ್ತಗೆ ಹೇಳಿ. ಮೆತ್ತಗೇ ಹೇಳಿ, ನಂಬರ್ ಮಾತ್ರ ತಪ್ಪದೆ ಹೇಳಿ.

ಗುಮಾಸ್ತನಿಗೆ ಒಂದು ರೂಪಾಯಿ ಕೊಡಬೇಡಿ. ಪ್ಯಾನೆಲ್ ವಕೀಲರಿಗೆ, ಅಂದರೆ ಉಚಿತ ನೆರವಿನ ಪಟ್ಟಿಯಲ್ಲಿರೋ ವಕೀಲರಿಗೆ, ಕಾನೂನು ಸೇವೆಗಳ ಪ್ರಾಧಿಕಾರವೇ ಹಣ ಕೊಡುತ್ತೆ, ಕಕ್ಷಿದಾರರ ಹತ್ತಿರ ಯಾವ ಹೆಸರಲ್ಲೂ ತಗೊಳ್ಳೋ ಹಾಗಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಒಂದು ಚೀಟಿ ಬರೆದು ವಕೀಲರನ್ನು ಬದಲಿಸಿ ಕೊಡಿ ಅಂತ ಕೇಳಿ. ಅಲ್ಲಿ ಕೂತಿರೋರು ನ್ಯಾಯಾಧೀಶರು, ಆ ಚೀಟಿಗೆ ತೂಕ ಇರುತ್ತೆ.

ಮೆಟ್ಟಿಲಿನ ವಿಷಯ: ನಿಮ್ಮ ವಕೀಲರು ಕೋರ್ಟಿಗೆ ಒಂದು ಮೆಮೊ ಹಾಕಬೇಕು. ಕೆಳಗಿನ ಕೋಣೆಯಲ್ಲಿ ಸಾಕ್ಷಿ ತಗೊಳ್ಳಿ, ಇಲ್ಲಾಂದ್ರೆ ವಿಡಿಯೋದಲ್ಲಿ, ಇಲ್ಲಾಂದ್ರೆ ಸಾಕ್ಷಿ ಬರೆದುಕೊಳ್ಳೋಕೆ ಮನೆಗೇ ಕೋರ್ಟ್ ಕಮಿಷನರ್ ಕಳಿಸಿ ಅಂತ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 12ನೇ ಸೆಕ್ಷನ್ ನ್ಯಾಯ ನಿಮ್ಮ ಕೈಗೆಟುಕುವ ಹಾಗೆ ಮಾಡೋದು ಸರ್ಕಾರದ ಜವಾಬ್ದಾರಿ ಅನ್ನುತ್ತೆ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಜೆರಾಕ್ಸ್ ಲಗತ್ತಿಸಿ. ಕಾರ್ಡ್ ಇನ್ನೂ ಮಾಡಿಸಿಲ್ಲ ಅಂದರೆ ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಹಿಡಿಯಿರಿ, ಅವರ ಕೆಲಸವೇ ಅದು.

ಮೇಡಂ, ನಾನು ಬೀದರ್‌ನಲ್ಲಿ ಐದು ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಪ್ಯಾನೆಲ್‌ಗೆ ಸೇರಲೇ? ಸೀನಿಯರ್ ‘ಅದರಲ್ಲೇನು ಸಿಗುತ್ತೆ, ಸುಮ್ನೆ ಟೈಮ್ ವೇಸ್ಟ್’ ಅನ್ನುತ್ತಾರೆ.

ಹಣದ ವಿಷಯದಲ್ಲಿ ನಿಮ್ಮ ಸೀನಿಯರ್ ಹೇಳೋದು ಸರಿ. ಮೂರು ವರ್ಷದ ಅನುಭವ ಕೇಳುತ್ತಾರೆ, ನಿಮಗೆ ಐದಿದೆ, ಅರ್ಜಿ ಕರೆದಾಗ ಹಾಕಿ. ಆದರೆ ಬರೀ ವಕಾಲತ್ತು ಹಾಕಿ ತಾರೀಖು ತಗೊಂಡು ಬರೋಕೆ ಆದರೆ ಸೇರಬೇಡಿ. ಈ ಕಕ್ಷಿದಾರರು ನಿಮ್ಮ ಆಫೀಸಿಗೆ ಬರೋಕಾಗಲ್ಲ, ನೀವೇ ಹೋಗಬೇಕು. ಒಬ್ಬರಿಗೆ ಕಿವಿ ಕೇಳಲ್ಲ, ಇನ್ನೊಬ್ಬರು ಹೇಳಿದ್ದನ್ನೇ ಮೂರು ಸಲ ಹೇಳುತ್ತಾರೆ. ಸೊಸೆ ಬಾಗಿಲಲ್ಲಿ ನಿಂತಿದ್ದರೆ ಅತ್ತೆ ಬಾಯಿ ಬಿಡಲ್ಲ, ‘ಒಂದು ಲೋಟ ನೀರು ತರ್ತೀಯಾ ತಾಯಿ’ ಅಂತ ಸೊಸೆಯನ್ನು ಒಳಗೆ ಕಳಿಸೋದು ಗೊತ್ತಿರಬೇಕು.

ನಾನು ಜೂನಿಯರ್ ಆಗಿದ್ದಾಗ ಒಂದು ದಾನಪತ್ರ ಬರೆದಿದ್ದೆ. ತಂದೆ ಮಗ ಜೊತೆಗೇ ಬಂದಿದ್ದರು, ಮಗನೇ ಮಾತಾಡುತ್ತಿದ್ದ, ಮಗನೇ ಫೀ ಕೊಟ್ಟ. ತಂದೆಗೆ ಕಣ್ಣು ಮಸುಕು. ಇಂಕಿನ ಪ್ಯಾಡ್ ಎಲ್ಲಿದೆ ಅಂತ ಮೇಜಿನ ಮೇಲೆ ತಡಕಾಡುತ್ತಿದ್ದರು, ಬೆರಳು ಹಿಡಿದು ಒತ್ತಿಸಿದವಳು ನಾನೇ. ನೋಡಿಕೊಳ್ಳಬೇಕು ಅನ್ನೋ ಸಾಲು ಹಾಕಲೇ ಅಂತ ಕೇಳಬೇಕು ಅನ್ನೋದೇ ಹೊಳೆಯಲಿಲ್ಲ. ಮೂರು ವರ್ಷದ ಮೇಲೆ ಅದೇ ತಂದೆ ಉಚಿತ ಕಾನೂನು ನೆರವು ಕೇಳಿಕೊಂಡು ಬಂದರು. ಅವರ ಕೈಯಲ್ಲಿ ನಾನೇ ಬರೆದ ಪತ್ರ ಇತ್ತು.

ಸೇರಿದ ದಿನ ಇಂಕ್ ಪ್ಯಾಡ್ ಒಂದು ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಹಳ್ಳಿಯಲ್ಲಿ ಸಿಗಲ್ಲ. ಒತ್ತಿಸೋ ಮುಂಚೆ ಪೂರ್ತಿ ಓದಿ ಹೇಳಿ, ಗಟ್ಟಿಯಾಗಿ.